ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಸೊಸೆಯ ತಟ್ಟೆ ಯಾಕೆ ಬೇರೆ ಇಡ್ತೀರಿ?

ಮಧುಗಿರಿಯಲ್ಲೋ ಶಿರಾದಲ್ಲೋ ಯಾರಾದರೂ ಗರ್ಭಿಣಿಯ ರಕ್ತಪರೀಕ್ಷೆಯ ಚೀಟಿ ನೋಡಿ. ಹಿಮೋಗ್ಲೋಬಿನ್, ಶುಗರ್, ಎಚ್‌ಐವಿ ಜೊತೆಗೆ ಎಚ್‌ಬಿಎಸ್‌ಎಜಿ ಅಂತಲೂ ಒಂದು ಸಾಲು ಇರುತ್ತದೆ. ಅದು ಲಿವರ್‌ಗೆ ತಗುಲಿ ಕಾಮಾಲೆಯನ್ನೂ ತರಬಲ್ಲ ಹೆಪಟೈಟಿಸ್ ಬಿ ವೈರಸ್ಸಿನ ಪರೀಕ್ಷೆ. ಪಾಸಿಟಿವ್ ಬಂತು ಅಂದ್ಕೊಳ್ಳಿ, ಎಷ್ಟೋ ಮನೆಗಳಲ್ಲಿ ಮೊದಲು ಬೇರೆಯಾಗುವುದು ಸೊಸೆಯ ತಟ್ಟೆ, ಲೋಟ. ಆಮೇಲೆ ಗುಸುಗುಸು ಶುರು: 'ಅದು ಅಂಥಾ ಕಾಯಿಲೆಯಂತಲ್ಲ, ಇವಳಿಗೆ ಎಲ್ಲಿಂದ ಬಂತು?'

ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ನಿಜ. ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚುವುದರಿಂದಲೂ ಹರಡುತ್ತದೆ. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಅಂದರೆ ಆ ಸೊಸೆಗೆ ಹುಟ್ಟುವಾಗಲೇ ತನ್ನ ಅಮ್ಮನಿಂದ ಬಂದು, ಇಷ್ಟು ವರ್ಷ ಸುಮ್ನೆ ಕೂತಿರಬಹುದು. ಊಟದ ತಟ್ಟೆಯಿಂದಂತೂ ಬರುವುದಿಲ್ಲ.

ಬಸುರಿಗೆ ಕಾಮಾಲೆ ಅಂದರೆ ಜೀವಕ್ಕೇ ಕುತ್ತು ಅನ್ನುವ ಭಯಕ್ಕೆ ಕಾರಣ ಇದೆ. ಆದರೆ ಆ ಭಯ ನ್ಯಾಯವಾಗಿ ಸಲ್ಲಬೇಕಾದ್ದು ಕೊಳಕು ನೀರಿನಿಂದ ಬರುವ ಹೆಪಟೈಟಿಸ್ 'ಇ'ಗೆ, ಅದು ಕೊನೆಯ ತಿಂಗಳುಗಳಲ್ಲಿ ನಿಜಕ್ಕೂ ಪ್ರಾಣ ತೆಗೆಯುತ್ತದೆ. ಬಿ ಹಾಗಲ್ಲ. ಲಿವರ್ ಮೊದಲೇ ಹಾಳಾಗಿರದಿದ್ದರೆ ಬಹುತೇಕರ ಬಸಿರು ಮಾಮೂಲಿಯಾಗಿಯೇ ಸಾಗುತ್ತದೆ. ಅಪಾಯ ಇರುವುದು ಮಗುವಿಗೆ. ದೊಡ್ಡವರಿಗೆ ಸೋಂಕು ತಗುಲಿದರೆ ನೂರರಲ್ಲಿ ಐದು ಜನಕ್ಕೂ ಅದು ಕಾಯಂ ಆಗಿ ಉಳಿಯುವುದಿಲ್ಲ. ಹುಟ್ಟುವಾಗ ತಗುಲಿದರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ಮುಂದೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್‌ಗೆ ಅದೇ ದಾರಿ.

ಈ ವೈರಸ್ಸಿನ ಸುಳಿವು ಕೊಟ್ಟಿದ್ದು ಅಮೆರಿಕದ ವಿಜ್ಞಾನಿ ಬರೂಕ್ ಬ್ಲೂಂಬರ್ಗ್, 1965ರಲ್ಲಿ. 1976ರಲ್ಲಿ ಅವರಿಗೆ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ತೈವಾನ್ ತಡ ಮಾಡಲಿಲ್ಲ: 1984ರಲ್ಲಿ ಸೋಂಕಿದ್ದ ತಾಯಂದಿರ ಮಕ್ಕಳಿಗೆ, 1986ರಿಂದ ಹುಟ್ಟಿದ ಮಕ್ಕಳಿಗೆಲ್ಲ ಹಾಕಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು.

ನಮ್ಮಲ್ಲಿ? ಹೊರಗಿಂದ ಬರುತ್ತಿದ್ದ ಲಸಿಕೆಗೆ ಕೈಗೆಟುಕದ ಬೆಲೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸಿದ ಮೇಲೆ ಅಗ್ಗವಾಯಿತು. ಸರ್ಕಾರ 2002ರಲ್ಲಿ ಕೆಲವು ಕಡೆ ಪ್ರಯೋಗವಾಗಿ ಶುರು ಮಾಡಿತು. ದೇಶಕ್ಕೆಲ್ಲ ಸಿಕ್ಕಿದ್ದು 2011ಕ್ಕೆ. ತೈವಾನ್‌ಗಿಂತ 25 ವರ್ಷ ಹಿಂದೆ!

ಬೆಲೆಯೊಂದೇ ಅಡ್ಡಿಯಾಗಿರಲಿಲ್ಲ. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ನಮ್ಮ ತುಮಕೂರು ಜಿಲ್ಲೆಯಲ್ಲಿ ಆಗ ಎಷ್ಟೋ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸುಮಾರು 15,000 ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೈಗುಣಕ್ಕೆ ಎರಡು ಮಾತಿಲ್ಲ. ಆದರೆ ಈ ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ. ಹಟ್ಟಿಯೊಂದರಲ್ಲಿ ರಾತ್ರಿ ಹುಟ್ಟಿದ ಕೂಸಿಗೆ ಅದನ್ನು ಯಾರು ತರಬೇಕಿತ್ತು? ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆಯ ನಂತರ ಹೆರಿಗೆಗಳು ಆಸ್ಪತ್ರೆಗೆ ಬಂದವು. ಆಗ ಇನ್ನೊಂದು ತೊಡಕು. ಒಂದು ಪುಟ್ಟ ಬಾಟಲಿಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಲಸಿಕೆ, ಇವತ್ತು ಹುಟ್ಟಿರುವುದು ಒಂದೇ ಮಗು, ಮುಚ್ಚಳ ಚುಚ್ಚಿದರೆ ಉಳಿದದ್ದು ದಂಡ ಅಂತ ಸಿಬ್ಬಂದಿ ಹಿಂದೆಮುಂದೆ ನೋಡುವುದು. ಈಗ ತೆರೆದ ಬಾಟಲಿಯನ್ನು ಸರಿಯಾಗಿ ಇಟ್ಟರೆ ನಾಲ್ಕು ವಾರ ಬಳಸಬಹುದು ಅನ್ನುವ ನಿಯಮ ಇದೆ. ಹಾಗಾಗಿ ಆ ನೆಪ ನಡೆಯುವುದಿಲ್ಲ.

ಇವತ್ತಿನ ದಾರಿ ಸಲೀಸು. ಪಾಸಿಟಿವ್ ಇದ್ದವರಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ ಮಾಡುತ್ತಾರೆ. ಜಾಸ್ತಿ ಇದ್ದರೆ ಏಳನೇ ತಿಂಗಳ ಹೊತ್ತಿಗೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದು ಉಚಿತ. ಮಗು ಹುಟ್ಟಿದ ಕೂಡಲೇ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಆಮೇಲೆ 6, 10, 14 ವಾರಕ್ಕೆ ಹೆಪಟೈಟಿಸ್ ಬಿ ಸೇರಿ ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್ ಲಸಿಕೆ. ಹೆಪಟೈಟಿಸ್ ಬಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ಧಾರಾಳವಾಗಿ ಕೊಡಬಹುದು, ಅತ್ತೆಯಂದಿರು ಇಲ್ಲಿ ಅಡ್ಡ ಬರಬೇಡಿ. ಗಂಡನೂ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದರೆ ಆರು ತಿಂಗಳಲ್ಲಿ ಮೂರು ಡೋಸ್ ಹಾಕಿಸಿಕೊಳ್ಳಬೇಕು.

ಮರೆತೇ ಹೋಗುವ ಕೆಲಸ ಒಂದಿದೆ. ಮಗುವಿಗೆ ಒಂಬತ್ತು ತಿಂಗಳಾದ ಮೇಲೆ ವೈರಸ್ ದಾಟಿದೆಯಾ, ಲಸಿಕೆ ಹಿಡಿದಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕು. ದಡಾರದ ಚುಚ್ಚುಮದ್ದಿಗೆ ಹೇಗೂ ಆಗಲೇ ಹೋಗ್ತೀರಲ್ವಾ, ಅವತ್ತೇ ಕೇಳಿಬಿಡಿ.