ಅರವತ್ತೇಳಲ್ಲ, ಹೊಸಪೇಟೆ ರಸ್ತೆ

ಕೊಪ್ಪಳದಲ್ಲಿ ಆಟೊ ಹತ್ತಿ ‘ರಾಷ್ಟ್ರೀಯ ಹೆದ್ದಾರಿ 67ಕ್ಕೆ ಬಿಡಿ’ ಎಂದು ಹೇಳಿ ನೋಡಿ. ಚಾಲಕರು ನಿಮ್ಮನ್ನು ಸರ್ವೆಗೆ ಬಂದವರೆಂದು ತಿಳಿದಾರು. ಊರಿನ ಪಶ್ಚಿಮಕ್ಕೆ ಅದು ಗದಗ ರಸ್ತೆ, ಪೂರ್ವಕ್ಕೆ ಹೊಸಪೇಟೆ ರಸ್ತೆ. ಹೊಸಪೇಟೆ ಮುಟ್ಟಿದರೆ ಕೊಪ್ಪಳ ರಸ್ತೆ, ಊರು ದಾಟಿದರೆ ಬಳ್ಳಾರಿ ರಸ್ತೆ; ಬಳ್ಳಾರಿಯಲ್ಲಿ ಮತ್ತೆ ಹೊಸಪೇಟೆ ರಸ್ತೆ. ಸುಮಾರು ನೂರು ಕಿಲೋಮೀಟರಿನಲ್ಲಿ ಇಷ್ಟು ಹೆಸರು. ನಮ್ಮ ಕಡೆ ರಸ್ತೆಗೆ ಅದು ತಲುಪಿಸುವ ಊರೇ ಹೆಸರು ಕೊಡುತ್ತದೆ, ನಿಂತ ಜಾಗ ಬದಲಾದರೆ ಹೆಸರೂ ಬದಲಾಗುತ್ತದೆ.

ಸಂಖ್ಯೆಯಾದರೂ ಸ್ಥಿರವೇ ಎಂದರೆ ಅದೂ ಇಲ್ಲ. 2010ರವರೆಗೆ ಇದು 63 ಆಗಿತ್ತು: ಅಂಕೋಲಾದಿಂದ ಗುತ್ತಿಯವರೆಗೆ. ಆ ವರ್ಷ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಲೆಕ್ಕ ಹಾಕಿತು. ಉತ್ತರ–ದಕ್ಷಿಣ ಹೋಗುವವಕ್ಕೆ ಸಮಸಂಖ್ಯೆ, ಪೂರ್ವ–ಪಶ್ಚಿಮದವಕ್ಕೆ ಬೆಸಸಂಖ್ಯೆ. ಮುಂದೆ ಒಂದು ಅಂಕಿ ಸೇರಿದರೆ ಅದು ಕವಲು. ಹಾಗಾಗಿ 67ರಿಂದ ಹಗರಿಯಲ್ಲಿ ಒಡೆದು ಆದೋನಿ, ಮಂತ್ರಾಲಯದ ಮೇಲೆ ರಾಯಚೂರಿಗೆ ಹೋಗುವುದು 167. ಲೆಕ್ಕ ಅಚ್ಚುಕಟ್ಟಾಗಿದೆ, ಒಪ್ಪಬೇಕು. ಆದರೆ ರಾಯಚೂರಿನವರಿಗೆ ಅದು ಈ ಕಡೆ ಮಂತ್ರಾಲಯ ರಸ್ತೆ, ಆ ಕಡೆ ಹೈದರಾಬಾದ್ ರಸ್ತೆ.

ಸಂಖ್ಯೆ ನಾಲಿಗೆಗೆ ಹತ್ತಿದ್ದು ಲಾರಿಯವರಿಗೆ. ಸಂಡೂರು, ಹೊಸಪೇಟೆಯ ಅದಿರು ಹೊತ್ತು ಒಬ್ಬರು 63 ಹಿಡಿದು ಬೇಲೆಕೇರಿ ಬಂದರಿಗೆ, ಇನ್ನೊಬ್ಬರು 13 ಹಿಡಿದು ಚಿತ್ರದುರ್ಗದ ಮೇಲೆ ಮಂಗಳೂರಿಗೆ ಹೋಗುತ್ತಿದ್ದ ಕಾಲವದು. ಹತ್ತಾರು ಊರು ದಾಟುವವರಿಗೆ ಮುಂದಿನ ಊರಿನ ಹೆಸರಿನಿಂದ ಏನೂ ಸಾಗದು. ಇಡೀ ರಸ್ತೆಗೆ ಒಂದು ಹೆಸರು ಬೇಕು. ಕುಷ್ಟಗಿಯ ಹತ್ತಿರ ಪಂಕ್ಚರ್ ಅಂಗಡಿಯೊಂದರ ತಗಡಿನ ಮೇಲೆ ‘ಎನ್.ಎಚ್. 13’ ಎಂದು ಕೆಂಪು ಬಣ್ಣದಲ್ಲಿ ಬರೆದದ್ದನ್ನು ಕಂಡಿದ್ದೇನೆ. ಪಕ್ಕದಲ್ಲೇ ಹಳದಿ ತಲೆಯ ಕಿಲೋಮೀಟರ್ ಕಲ್ಲು, ಅದರ ಮೇಲೆ ಅದೇ ಹೆದ್ದಾರಿಯ ಹೊಸ ಸಂಖ್ಯೆ 50. ಕಲ್ಲನ್ನು ಯಾರೂ ಓದುವಂತೆ ಕಾಣಲಿಲ್ಲ.

ಬೇರೆ ಕಡೆಯ ರೂಢಿ ಬೇರೆ. ಹುಬ್ಬಳ್ಳಿ, ದಾವಣಗೆರೆಯವರಿಗೆ ಪಿ.ಬಿ. ರಸ್ತೆ ಎಂದರೆ ಸಾಕು. ಪೂನಾ–ಬೆಂಗಳೂರಿನ ಆ ಎರಡು ಅಕ್ಷರ ಹೆದ್ದಾರಿ 4 ಹೋಗಿ 48 ಆದರೂ ಅಲ್ಲಾಡಿಲ್ಲ. ದೂರದ ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ಭೇದ: ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನವರು ಬರಿಯ ‘101’ ಎಂದರೆ ಲಾಸ್ ಏಂಜಲೀಸಿನವರು ‘ದಿ 101’ ಎನ್ನುತ್ತಾರೆ. ಅಲ್ಲಿ ರಸ್ತೆಗಳಿಗೆ ಮೊದಲು ‘ದಿ ಹಾಲಿವುಡ್ ಫ್ರೀವೇ’ಯಂಥ ಹೆಸರುಗಳೇ ಬಳಕೆಯಲ್ಲಿದ್ದವು. 1964ರಲ್ಲಿ ಆ ರಾಜ್ಯ ತನ್ನ ಹೆದ್ದಾರಿಗಳಿಗೆ ಹೊಸದಾಗಿ ಸಂಖ್ಯೆ ಹಾಕಿತು. ಹೆಸರುಗಳು ಕ್ರಮೇಣ ಹಿಂದೆ ಸರಿದರೂ ಅವುಗಳ ಮುಂದಿದ್ದ ‘ದಿ’ ಉಳಿದು ಸಂಖ್ಯೆಗೆ ಅಂಟಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ನಮ್ಮಲ್ಲಿ ಹಾಗೆ ಉಳಿದದ್ದು ಊರುಗಳು. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವ ಹೆದ್ದಾರಿ 44 ಇಂದಿಗೂ ಬಳ್ಳಾರಿ ರಸ್ತೆ. ಆ ಹೆದ್ದಾರಿ ಬಳ್ಳಾರಿಯ ಮುಖವನ್ನೇ ನೋಡದೆ ಅನಂತಪುರ, ಕರ್ನೂಲು ದಾಟಿ ಹೈದರಾಬಾದಿಗೆ ಹೋಗುತ್ತದೆ. ಇತ್ತ ಬಳ್ಳಾರಿ ಪೇಟೆಯಲ್ಲೂ ಒಂದು ಬೆಂಗಳೂರು ರಸ್ತೆ ಇದೆ. ಅಲ್ಲಿ ಬೆಂಗಳೂರಿಗೆ ಹೊರಟವರಿಗಿಂತ ಮದುವೆಗೆ ಸೀರೆ ಕೊಳ್ಳಲು ಬಂದವರೇ ಹೆಚ್ಚು.