ಜೀರ್ಣೋದ್ಧಾರವೆಂದರೆ ಕೆಡವಿ ಕಟ್ಟುವುದಲ್ಲ

ಕರಾವಳಿಯ ಗುತ್ತಿನ ಮನೆಯನ್ನೋ (ಊರಿನ ಹಿರಿಯ ಮನೆತನದ ಮನೆ) ಮಲೆನಾಡಿನ ತೊಟ್ಟಿಮನೆಯನ್ನೋ ಬುಡಸಮೇತ ಕೆಡವಿ, ಅದೇ ಜಾಗದಲ್ಲಿ ಕಾಂಕ್ರೀಟಿನ ಮನೆ ಕಟ್ಟಿ, ಗೃಹಪ್ರವೇಶದ ಆಮಂತ್ರಣದಲ್ಲಿ ‘ಮೂಲಮನೆಯ ಜೀರ್ಣೋದ್ಧಾರ’ ಎಂದು ಅಚ್ಚು ಹಾಕಿಸುವುದು ಈಗ ರೂಢಿಯಾಗಿಬಿಟ್ಟಿದೆ. ಹೊಸ ಮನೆ ಕಟ್ಟಿಕೊಳ್ಳುವುದು ತಪ್ಪಲ್ಲ. ಅದನ್ನು ಜೀರ್ಣೋದ್ಧಾರವೆಂದು ಕರೆಯುವುದು ತಪ್ಪು.

ಜೀರ್ಣವೆಂದರೆ ಸವೆದದ್ದು, ಹಳತಾಗಿ ಶಿಥಿಲಗೊಂಡದ್ದು. ಊಟ ಜೀರ್ಣವಾಯಿತು ಎನ್ನುವಾಗಿನ ಜೀರ್ಣವೂ ಇದೇ. ಉದ್ಧಾರವೆಂದರೆ ಮೇಲೆತ್ತುವುದು. ಎತ್ತಬೇಕಾದ ವಸ್ತುವನ್ನೇ ಇಲ್ಲವಾಗಿಸಿದ ಮೇಲೆ ಉದ್ಧಾರ ಯಾವುದರದ್ದು? ನಮ್ಮ ಶಾಸನಗಳು ಈ ಪದವನ್ನು ಬಳಸಿರುವ ಬಗೆಯನ್ನು ನೋಡಿದರೆ ಸಂದೇಹಕ್ಕೆ ಎಡೆಯೇ ಉಳಿಯುವುದಿಲ್ಲ. ದೇವಾಲಯಗಳಿಗೆ ಭೂಮಿಯನ್ನು ದತ್ತಿ ಬಿಡುವಾಗ ಅಂಗಭೋಗ (ದೇವರ ಅಭಿಷೇಕ, ಅಲಂಕಾರ), ರಂಗಭೋಗ (ದೇವರ ಮುಂದಿನ ನೃತ್ಯ, ಸಂಗೀತ)ಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ದತ್ತಿಯ ಹುಟ್ಟುವಳಿಯಿಂದ ಮುರಿದುದನ್ನು ಜೋಡಿಸುತ್ತ, ಬಿರುಕನ್ನು ಮುಚ್ಚುತ್ತ ಕಟ್ಟಡವನ್ನು ಉಳಿಸಿಕೊಂಡು ಹೋಗಬೇಕೆಂಬುದೇ ಅದರ ಅರ್ಥ. ಕೆಡವುವ ಮಾತು ಅಲ್ಲಿಲ್ಲ.

ಈ ಅರ್ಥ ಮರದ ಮನೆಗೆ ಒಪ್ಪುವಷ್ಟು ಬೇರೆ ಯಾವ ಕಟ್ಟಡಕ್ಕೂ ಒಪ್ಪಲಾರದು. ತೊಲೆಯ ತುದಿಯ ನಾಲಗೆಯನ್ನು ಕಂಬದ ತೂತಿಗೆ ಕೂರಿಸಿ ಮರದ ಬೆಣೆ ಹೊಡೆದಿರುವುದರಿಂದ, ಬೆಣೆ ತೆಗೆದು ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಕೊಳೆಯುವುದೂ ಹೆಚ್ಚಾಗಿ ಗೊತ್ತಿರುವ ಜಾಗಗಳಲ್ಲೇ: ಹಂಚು ಒಡೆದಲ್ಲಿ ಪಕಾಸಿನ (ಮಾಡಿನ ಇಳಿಜಾರಿನ ಮರದ) ತುದಿ, ನೆಲದ ತೇವ ಏರುವ ಕಂಬದ ಬುಡ. ಬುಡ ಒಂದಡಿ ಕೊಳೆತಿದ್ದರೆ ಮೇಲಿನ ತೊಲೆಗೆ ಆಸರೆ ಕೊಟ್ಟು, ಕೊಳೆತಷ್ಟನ್ನೇ ಕೊಯ್ದು, ಅದೇ ಜಾತಿಯ ಚೆನ್ನಾಗಿ ಒಣಗಿದ ಮರದ ತುಂಡನ್ನು ಕಚ್ಚು ಹಾಕಿ ಕೂಡಿಸಿದರೆ ಉಳಿದ ಕಂಬ ಇದ್ದಲ್ಲೇ ನಿಲ್ಲುತ್ತದೆ. ಪಾರಂಪರಿಕ ತಾಣಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕೋಮೋಸ್ 2017ರಲ್ಲಿ ದೆಹಲಿಯಲ್ಲಿ ಅಂಗೀಕರಿಸಿದ, ಮರದ ಕಟ್ಟಡಗಳನ್ನು ಕುರಿತ ತತ್ತ್ವಗಳ ಸಾರವೂ ಇದೇ: ಹಳೆಯ ಮರವನ್ನು ಆದಷ್ಟು ಉಳಿಸಬೇಕು, ಬದಲಿಸಲೇಬೇಕಾದರೆ ಸಾಧ್ಯವಿದ್ದಷ್ಟೂ ಅದೇ ಜಾತಿಯ ಮರವನ್ನು ಬಳಸಬೇಕು.

ಕಂಬದ ಬುಡವನ್ನು ಸಿಮೆಂಟಿನಲ್ಲಿ ಹೂತು, ಮಣ್ಣಿನ ಗೋಡೆಗೆ ಗಾರೆಯ ಬದಲು ಸಿಮೆಂಟು ಬಳಿದು, ಮೇಲೆ ವಾರ್ನಿಷ್ ಹೊಡೆಯುವ ‘ಜೀರ್ಣೋದ್ಧಾರ’ವನ್ನಂತೂ ಒಪ್ಪಲಾಗದು. ಸಿಮೆಂಟು ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ, ಮರ ಒಳಗಿಂದಲೇ ಕೊಳೆಯುತ್ತದೆ. ಹಳೆಯ ಮನೆಯ ಎರಡು ಕಂಬಗಳನ್ನು ಹೊಸ ಜಗಲಿಯಲ್ಲಿ ನಿಲ್ಲಿಸುವುದು ಅಲಂಕಾರ, ಅಷ್ಟೆ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನೂ ಕೆಲವರು ಇದೇ ಪದದಿಂದ ಕರೆಯುತ್ತಾರೆ. ಉರುಳಲಿದ್ದ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿಸಿ ತಂದು ಅಲ್ಲಿ ಮತ್ತೆ ಜೋಡಿಸಿದ್ದು ದೊಡ್ಡ ಕೆಲಸ. ಆದರೆ ಮನೆಯ ಬಾವಿ, ನಾಗಬನ, ದೈವದ ಗುಡಿಗಳು ಅದರೊಡನೆ ಬರಲಾರವು. ಇದ್ದಲ್ಲಿ ಉಳಿಸಲು ಸಾಧ್ಯವೇ ಇಲ್ಲದಾಗ ಹಿಡಿಯುವ ಆ ದಾರಿಗೆ ಸ್ಥಳಾಂತರವೆಂಬ ಪದವೇ ಸರಿ.