ಕೆಳಗಿಂದ ತೋರಿಸಿದರೆ ಹೀರೊ, ಮೇಲಿಂದ ತೋರಿಸಿದರೆ ಪಾಪದವನು: ಈ ಲೆಕ್ಕ ಎಲ್ಲಿಂದ ಬಂತು?

ಶಿವಮೊಗ್ಗದಲ್ಲಿ ಈಗ ಕಿರುಚಿತ್ರ ಮಾಡುವ ಹುಡುಗರಿಗೆ ಕೊರತೆ ಇಲ್ಲ. ಲೋ ಆಂಗಲ್ ಇಟ್ಟರೆ ಹೀರೊ, ಟಾಪ್ ಆಂಗಲ್ ಇಟ್ಟರೆ ಪಾಪದವನು ಎನ್ನುವವರು ಕೆಲವರು. ಅದೆಲ್ಲ ಬೇಡ, ಸುಮ್ನೆ ಡ್ರೋನ್ ಹಾರಿಸಿ ಎನ್ನುವವರು ಇನ್ನು ಕೆಲವರು. ಎರಡಕ್ಕೂ ಹಳೆಯ ಬೇರಿದೆ.

ಮೊದಮೊದಲು ಕ್ಯಾಮೆರಾ ನಾಟಕ ನೋಡುವವನ ಹಾಗೆ ಎದುರಿಗೆ ಕದಲದೆ ಇರುತ್ತಿತ್ತು. 1924ರಲ್ಲಿ ಜರ್ಮನಿಯ ನಿರ್ದೇಶಕ ಮುರ್ನೌ ಹೋಟೆಲ್ ಬಾಗಿಲು ಕಾಯುವ ಮುದುಕನೊಬ್ಬನ ಕಥೆ ತೆಗೆದರು. ಸಮವಸ್ತ್ರದಲ್ಲಿ ಬೀಗುವಾಗ ಅವನನ್ನು ಕೆಳಗಿಂದ ತೋರಿಸಿದರು, ಆ ಸಮವಸ್ತ್ರ ಕೈತಪ್ಪಿದ ನಂತರ ಮೇಲಿಂದ. ಲೆಕ್ಕ ಪಾಠವಾಗಿ ಕೂತದ್ದು ಇಂಥ ಚಿತ್ರಗಳಿಂದ. ಆದರೆ 1941ರಲ್ಲಿ ‘ಸಿಟಿಜನ್ ಕೇನ್’ ಬಂತು. ಚುನಾವಣೆ ಸೋತು ನಿಂತ ನಾಯಕ ಕೇನ್‌ನನ್ನು ಕೆಳಗಿಂದಲೇ ತೋರಿಸಿದರು. ಅದಕ್ಕಾಗಿ ಸೆಟ್ಟಿನ ನೆಲವನ್ನೇ ಅಗೆದರು. ಆಳು ದೊಡ್ಡದಾಗಿ ಕಾಣುತ್ತಾನೆ, ಆದರೆ ಸೂರು ತಲೆಯ ಮೇಲೇ ಇಳಿದಂತಿರುತ್ತದೆ. ಜಪಾನಿನ ನಿರ್ದೇಶಕ ಓಝು ಅವರಂತೂ ಹೆಚ್ಚುಕಡಿಮೆ ಎಲ್ಲವನ್ನೂ ಚಾಪೆಯ ಮಟ್ಟದಿಂದ ತೆಗೆದರು. ಅಲ್ಲಿ ಯಾರೂ ಹೀರೊ ಆಗುವುದಿಲ್ಲ. ಎಲ್ಲಾ ಶಾಟೂ ಒಂದೇ ಎತ್ತರದಲ್ಲಿದ್ದರೆ ‘ಕೆಳಗಿಂದ’ ಅನ್ನುವುದಕ್ಕೆ ಅರ್ಥ ಎಲ್ಲಿ ಬಂತು, ಅಲ್ವಾ?

ಮಲೆನಾಡಿಗೆ ಈ ಮಾತು ಬಂದದ್ದು 70ರ ದಶಕದಲ್ಲಿ. ‘ಸಂಸ್ಕಾರ’ ಚಿತ್ರಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ, ಅಂದರೆ ಒಟ್ಟಿಗೆ ಸಿನಿಮಾ ನೋಡಿ ಚರ್ಚಿಸುವ ಕೂಟ, ಶುರು ಮಾಡಿತು. ಆಮೇಲೆ ಪುಣೆಯಿಂದ ಸಿನಿಮಾ ಮೇಷ್ಟ್ರು ಸತೀಶ್ ಬಹಾದುರ್ ಬಂದು ಸಿನಿಮಾ ನೋಡುವುದನ್ನು ಕಲಿಸಿದರು. ಅಡಿಕೆ ಬೆಳೆಯುವ ಊರಿನಲ್ಲಿ ಶಾಟ್, ಕಟ್ ಎಂದು ಚರ್ಚೆ! ಬೆಂಗಳೂರಿನಲ್ಲೂ ಆಗ ಅಂಥದ್ದು ಅಪರೂಪವೇ ಇದ್ದೀತು.

1977ರಲ್ಲಿ ‘ಘಟಶ್ರಾದ್ಧ’. ನಿರ್ದೇಶಕ ಗಿರೀಶ್ ಕಾಸರವಳ್ಳಿ ತೀರ್ಥಹಳ್ಳಿ ಕಡೆಯವರು, ಛಾಯಾಗ್ರಾಹಕ ಎಸ್. ರಾಮಚಂದ್ರ. ವಿಧವೆ ಯಮುನಕ್ಕನ ಸಂಕಟವನ್ನು ನಾವು ಬಹುಮಟ್ಟಿಗೆ ನಾಣಿ ಎಂಬ ಹುಡುಗನ ಜೊತೆಗಿದ್ದು ನೋಡುತ್ತೇವೆ. ದೊಡ್ಡವರ ಗುಸುಗುಸು ಅವನಿಗೆ ಅರ್ಥವಾಗದು. ಅವನ ಹೆದರಿಕೆ ಮಾತ್ರ ನಮಗೂ ಅಂಟುತ್ತದೆ. ಇಲ್ಲಿ ಕೇಳಬೇಕಾದದ್ದು ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂದಲ್ಲ, ಯಾರ ಪಕ್ಕದಲ್ಲಿದೆ ಎಂದು.

ನಮ್ಮ ಮನೆಗಳೂ ಇದಕ್ಕೆ ಒದಗಿ ಬರುತ್ತವೆ. ಹಳೇ ಹೆಂಚಿನ ಮನೆಯ ಸೂರು ತಗ್ಗು, ಬಾಗಿಲು ಗಿಡ್ಡ. ಒಳಗೆ ಕತ್ತಲೆ, ಜಗಲಿಯಲ್ಲಿ ಮಾತ್ರ ಬೆಳಕು. ಅಲ್ಲಿ ಜನ ಮಾತಾಡುವುದು ಕೂತುಕೊಂಡು, ಹಾಗಾಗಿ ಕ್ಯಾಮೆರಾವೂ ಕೂರಬೇಕಾಗುತ್ತದೆ. ತೊಟ್ಟಿಮನೆಯ ಉಪ್ಪರಿಗೆಯಿಂದ ಅಂಗಳ ನೋಡಿದರೆ ಕ್ರೇನ್ ಇಲ್ಲದೆಯೇ ಟಾಪ್ ಆಂಗಲ್ ಸಿಗುತ್ತದೆ. ಕದ್ದು ನೋಡುವ ಭಾವ ಪುಕ್ಕಟೆ. ಮಳೆಗಾಲದಲ್ಲಿ ಲೋ ಆಂಗಲ್ ಇಟ್ಟರೆ ಮಾತ್ರ ಫಜೀತಿ. ಮುಖದ ಹಿಂದೆ ಬಿಳಿ ಆಕಾಶ ಬಂದು ಮುಖ ಕಪ್ಪಾಗುತ್ತದೆ. ಹೀರೊ ಮಾಡಲು ಹೋಗಿ ವಿಲನ್ ಮಾಡಿದಂತೆ.

80ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯನ್ನು ಟಿವಿಯ ಮಾಲ್ಗುಡಿ ಮಾಡಿದರು, 2006ರ ‘ಮುಂಗಾರು ಮಳೆ’ ಆದಮೇಲೆ ಮಂಜು, ಹಸಿರು, ಜೋಗ ಎಲ್ಲ ಹಾಡಿಗೆ ಬೇಕಾದವು, ಆಮೇಲೆ ಡ್ರೋನ್ ಅಗ್ಗವಾಯಿತು.

ಡ್ರೋನ್ ಬೇಡ ಎನ್ನುವುದು ತಪ್ಪು. ಕಾಡು ಎಷ್ಟು ದೂರ ಹಬ್ಬಿದೆ ಎಂದು ತೋರಿಸಲು ಅದೇ ಸರಿ. ಆದರೆ ಜೋಗದ ಎತ್ತರ 253 ಮೀಟರ್. ನೇರ ಮೇಲಿಂದ ನೋಡಿದರೆ ಆ ಎತ್ತರವೇ ಮಾಯ. ನೀರು ಬಿಳಿ ಗೆರೆ, ಬಂಡೆ ಚಪ್ಪಟೆ, ಪಕ್ಕದಲ್ಲಿ ನಿಂತವನು ಚುಕ್ಕೆ. ಗುಂಡಿಗೆ ಇಳಿದು ಕತ್ತೆತ್ತಿ ನೋಡುವಾಗ ಆಗುವ ಭಯ ಅದರಲ್ಲಿ ಸಿಗುವುದಿಲ್ಲ. ಮೊದಲ ಶಾಟೇ ಆಕಾಶದಿಂದ ಬಂದರೆ ಮುಂದೆ ಏರಲು ಜಾಗವೂ ಉಳಿಯುವುದಿಲ್ಲ.

ಈಗ ಸಮಸ್ಯೆಗೆ ಇನ್ನೊಂದು ಎಳೆ ಸೇರಿದೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆಯುತ್ತಾರೆ. ಆ ಚೌಕಟ್ಟಿಗೆ ಅಡಿಕೆ ಮರ ಸರಿಯಾಗಿ ಕೂರುತ್ತದೆ, ಜೋಗವೂ ಕೂರುತ್ತದೆ. ಜಗಲಿಯಲ್ಲಿ ಸಾಲಾಗಿ ಕೂತ ನಾಲ್ಕು ಜನ ಹಿಡಿಸುವುದಿಲ್ಲ. ಒಬ್ಬೊಬ್ಬರನ್ನೇ ಬಿಡಿಬಿಡಿಯಾಗಿ ತೋರಿಸಬೇಕು. ಯಾರು ಯಾರ ಮುಖ ನೋಡಿದರು, ಯಾರು ನೋಡದೆ ಉಳಿದರು ಎಂಬುದನ್ನು ಇನ್ನು ಎಡಿಟಿಂಗ್ ಟೇಬಲ್ಲಿನಲ್ಲೇ ಕಟ್ಟಬೇಕು.